ಫಿರಂಗಿ ಕೊಟ್ಟರೆ ಹೊಣೆ ತೀರುವುದಿಲ್ಲ

ಬೇಲೂರು ತಾಲ್ಲೂಕಿನ ಅರೇಹಳ್ಳಿಯಂಥ ಕಾಫಿ ಊರಿನಲ್ಲಿ ಸಮುದ್ರದ ಮಾತು ಏಳುವುದು ಹಡಗಿನ ಬಾಡಿಗೆ ಏರಿದಾಗ. 2023ರ ನವೆಂಬರ್‌ನಿಂದ ಯೆಮನ್‌ನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ದಾಳಿ ಶುರುಮಾಡಿದರು. ಯುರೋಪಿನ ಕಡೆ ಹೊರಟ ಕಂಟೇನರ್ ಹಡಗುಗಳು ಸೂಯೆಜ್ ಕಾಲುವೆಯ ದಾರಿ ಬಿಟ್ಟು, ಆಫ್ರಿಕಾದ ದಕ್ಷಿಣದ ತುದಿ ಬಳಸಿ ಹೋಗತೊಡಗಿದವು. ದಾರಿ ಎರಡು ವಾರದಷ್ಟು ಉದ್ದವಾಯಿತು, ಬಾಡಿಗೆ ಗಗನಕ್ಕೇರಿತು. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುವಂಥದ್ದು, ಅದರಲ್ಲೂ ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು. ಹಾಗಾಗಿ ಆಗ ಕೇಳಿಬಂದ ಆತಂಕ ಸಹಜವಾದದ್ದೇ. ಆದರೆ ಆ ಚರ್ಚೆಯಲ್ಲಿ ಬಾಡಿಗೆ ಇತ್ತು, ವಿಮೆ ಇತ್ತು, ಕಂಟೇನರ್ ಕೊರತೆ ಇತ್ತು. ಹಡಗಿನೊಳಗೆ ಇದ್ದ ಜನ ಮಾತ್ರ ಇರಲಿಲ್ಲ. ಅವರನ್ನು ಕಾಯಬೇಕಾದವರು ಯಾರು, ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ಸಿಗುವ ಸುಲಭದ ಉತ್ತರ ಒಂದೇ: ಹಡಗಿಗೇ ಬಂದೂಕು ಕೊಡಿ. ಈ ಉತ್ತರಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸ ಹೇಳುವುದಿಷ್ಟು: ಸರಕು ಹಡಗಿನ ಮೇಲೆ ಆಯುಧ ಇಟ್ಟದ್ದರಿಂದ ನಾವಿಕರಿಗೆ ರಕ್ಷಣೆ ದೊರಕಿದ್ದು ಅಪರೂಪ, ರಕ್ಷಿಸಬೇಕಾದ ಸರ್ಕಾರ ತನ್ನ ಹೊಣೆಯನ್ನು ಅವರ ಹೆಗಲಿಗೆ ದಾಟಿಸಿದ್ದೇ ಹೆಚ್ಚು.

2023ರ ಡಿಸೆಂಬರ್ 23ರಂದು ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ 'ಕೆಮ್ ಪ್ಲೂಟೊ' ಎಂಬ ಟ್ಯಾಂಕರಿಗೆ ಡ್ರೋನ್ ಬಡಿದು ಬೆಂಕಿ ಹೊತ್ತಿಕೊಂಡಿತು. ಸೌದಿ ಅರೇಬಿಯಾದಿಂದ ಕಚ್ಚಾ ತೈಲ ಹೊತ್ತು ಅದು ಹೊರಟಿದ್ದದ್ದು ನಮ್ಮ ನವಮಂಗಳೂರು ಬಂದರಿಗೆ. ಹಾರಿಸಿದ್ದ ಬಾವುಟ ಲೈಬೀರಿಯಾದ್ದು, ಒಡೆತನ ಜಪಾನಿನವರದು, ನಡೆಸುತ್ತಿದ್ದವರು ನೆದರ್ಲೆಂಡ್ಸ್‌ನವರು. ಹಡಗಿನಲ್ಲಿದ್ದ 21 ಜನರಲ್ಲಿ 20 ಮಂದಿ ಭಾರತೀಯರು. ಬೆಂಕಿಯನ್ನು ಆರಿಸಿದವರು ಅವರೇ. ಆಮೇಲೆ ಕರಾವಳಿ ಕಾವಲು ಪಡೆಯ 'ವಿಕ್ರಮ್' ಜೊತೆಗಿದ್ದು ಅದನ್ನು ಮುಂಬೈ ಮುಟ್ಟಿಸಿತು. ಡ್ರೋನ್ ಹಾರಿಬಂದದ್ದು ಇರಾನ್‌ನಿಂದ ಎಂದು ಅಮೆರಿಕ ಹೇಳಿತು, ಇರಾನ್ ಅದನ್ನು ಅಲ್ಲಗಳೆಯಿತು. ಯಾರೂ ಸಾಯಲಿಲ್ಲವಾದ್ದರಿಂದ ಸುದ್ದಿ ನಾಲ್ಕು ದಿನದಲ್ಲಿ ತಣ್ಣಗಾಯಿತು. ಈ ಘಟನೆಯನ್ನು ಮರೆಯಬಾರದು ಎನ್ನುವುದಕ್ಕೆ ಕಾರಣವಿದೆ. ಡಚ್ಚರ ಕೈಯಲ್ಲಿದ್ದ ಸರಕು ಹಡಗುಗಳು, ಭಾರತೀಯ ನಾವಿಕರು, ಭಾರತದ ಸುತ್ತಲಿನ ಸಮುದ್ರ ಈ ಮೂರೂ ಎರಡನೇ ಮಹಾಯುದ್ಧದಲ್ಲಿ ಒಟ್ಟಿಗೆ ಬಂದಿದ್ದವು. ಆಗ ಹಡಗುಗಳ ಮೇಲೆ ಫಿರಂಗಿಯೂ ಇತ್ತು. ಅದರಿಂದ ಏನಾಯಿತು ಎಂಬುದು ದಾಖಲಾಗಿದೆ.

ಡಚ್ಚರಿಂದಲೇ ಶುರುಮಾಡೋಣ, ಏಕೆಂದರೆ ಈ ವಿಷಯದಲ್ಲಿ ಅವರ ನಿಲುವು ಬದಲಾದ ಬಗೆ ಬಹಳ ಕಲಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ತಟಸ್ಥವಾಗಿ ಉಳಿದ ನೆದರ್ಲೆಂಡ್ಸ್, ಫಿರಂಗಿ ಹೊತ್ತ ವ್ಯಾಪಾರಿ ಹಡಗನ್ನು ಯುದ್ಧನೌಕೆ ಎಂದೇ ಎಣಿಸಿ ತನ್ನ ಬಂದರುಗಳಿಗೆ ಬಿಟ್ಟುಕೊಳ್ಳಲಿಲ್ಲ. ಬ್ರಿಟನ್ ಎಷ್ಟು ತಕರಾರು ಎತ್ತಿದರೂ ಅದು ಜಗ್ಗಲಿಲ್ಲ. ಆ ನಿಲುವಿನ ಹಿಂದೆ ತರ್ಕವಿತ್ತು. ಆಗಿನ ರೂಢಿಯ ಪ್ರಕಾರ ವ್ಯಾಪಾರಿ ಹಡಗನ್ನು ಮುಳುಗಿಸುವ ಮೊದಲು ಎಚ್ಚರಿಕೆ ಕೊಡಬೇಕು, ಒಳಗಿದ್ದವರು ಪಾರಾಗಲು ಅವಕಾಶ ಮಾಡಿಕೊಡಬೇಕು. ಹಡಗಿನ ಮೇಲೆ ಫಿರಂಗಿ ಇದ್ದರೆ, ಮೇಲೆದ್ದು ಬಂದು ಎಚ್ಚರಿಕೆ ಕೊಡುವ ಜಲಾಂತರ್ಗಾಮಿ ತಾನೇ ಗುಂಡೇಟು ತಿನ್ನಬೇಕಾಗುತ್ತದೆ. ಆದ್ದರಿಂದ ಅದು ನೀರೊಳಗಿಂದಲೇ, ಹೇಳದೆ ಕೇಳದೆ ಟಾರ್ಪಿಡೊ ಬಿಡುತ್ತದೆ. 1916ರಲ್ಲಿ ಜರ್ಮನ್ನರು ಚಾರ್ಲ್ಸ್ ಫ್ರಯಾಟ್ ಎಂಬ ಬ್ರಿಟಿಷ್ ವ್ಯಾಪಾರಿ ಕ್ಯಾಪ್ಟನ್ನನ್ನು ಸೆರೆಹಿಡಿದು ಗುಂಡಿಟ್ಟು ಕೊಂದರು. ತನ್ನತ್ತ ಬಂದ ಜಲಾಂತರ್ಗಾಮಿಗೆ ಅವನು ಹಡಗನ್ನೇ ಡಿಕ್ಕಿ ಹೊಡೆಸಲು ಯತ್ನಿಸಿದ್ದ. ಸೈನಿಕನಲ್ಲದವನು ಯುದ್ಧ ಮಾಡಿದ ಎಂಬುದೇ ಅವನ ಮೇಲಿನ ಆರೋಪ. ನಾವಿಕನ ಕೈಗೆ ಆಯುಧ ಕೊಟ್ಟಾಗ ಅವನು ನಿಂತಿರುವ ನೆಲವೇ ಅಲುಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಸಾವಿರಾರು ಹಡಗುಗಳಿಗೆ ಫಿರಂಗಿ ಕೂಡಿಸಿದ ಮೇಲೂ ಬ್ರಿಟನ್ನಿನ ನಷ್ಟ ತುತ್ತತುದಿ ಮುಟ್ಟಿದ್ದು 1917ರ ಏಪ್ರಿಲ್‌ನಲ್ಲಿ. ಅದು ಇಳಿಯತೊಡಗಿದ್ದು ಆ ವರ್ಷ ಬೆಂಗಾವಲು ಪದ್ಧತಿ ಬಂದ ಮೇಲೆ, ಅಂದರೆ ಹತ್ತಿಪ್ಪತ್ತು ಹಡಗುಗಳನ್ನು ಗುಂಪುಗೂಡಿಸಿ ಯುದ್ಧನೌಕೆಗಳ ಕಾವಲಿನಲ್ಲಿ ಕಳಿಸತೊಡಗಿದ ಮೇಲೆ. ಹಾಗೆ ಸಾಗರ ದಾಟಿದ ಹಡಗುಗಳಲ್ಲಿ ಮುಳುಗಿದವು ಶೇ 1ಕ್ಕಿಂತ ಕಡಿಮೆ.

ಎರಡನೇ ಯುದ್ಧ ಬರುವ ಹೊತ್ತಿಗೆ ಡಚ್ಚರಿಗೆ ತಟಸ್ಥವಾಗಿರುವ ಆಯ್ಕೆ ಉಳಿಯಲಿಲ್ಲ. 1940ರ ಮೇ ತಿಂಗಳಲ್ಲಿ ಜರ್ಮನಿ ಅವರ ದೇಶವನ್ನು ನುಂಗಿತು. ಲಂಡನ್ನಿಗೆ ಓಡಿಬಂದ ಡಚ್ ಸರ್ಕಾರ ಕಡಲಲ್ಲಿದ್ದ ತನ್ನ ವ್ಯಾಪಾರಿ ಹಡಗುಗಳನ್ನೆಲ್ಲ ವಶಕ್ಕೆ ತೆಗೆದುಕೊಂಡು ಮಿತ್ರಪಕ್ಷದ ಕೆಲಸಕ್ಕೆ ಹಚ್ಚಿತು, ನಾವಿಕರಿಗೆ ಹಡಗಿನ ದುಡಿಮೆಯನ್ನು ಕಡ್ಡಾಯ ಮಾಡಿತು. ಹಿಂಬದಿಯಲ್ಲಿ ನಾಲ್ಕಿಂಚಿನ ಹಳೆಯ ಫಿರಂಗಿಯೊಂದನ್ನು ಕೂಡಿಸಿ, ಅದನ್ನು ನಡೆಸಲು ನೌಕಾದಳದವರು, ಭೂಸೇನೆಯವರು ಹಾಗೂ ಹಡಗಿನವರೇ ಆದ ಕೆಲವರನ್ನು ಸೇರಿಸಿ ಒಂದು ಗುಂಪು ಕಟ್ಟಿ ಕಳಿಸುವುದು ವಾಡಿಕೆಯಾಯಿತು. 'ಒಂಡಿನಾ' ಅಂಥದ್ದೊಂದು ಹಡಗು. ಶೆಲ್ ಕಂಪನಿಗೆ ಸೇರಿದ, 1939ರಲ್ಲಿ ಕಟ್ಟಿದ, ಆರು ಸಾವಿರ ಟನ್ನಿಗೆ ಮೀರಿದ ತೈಲದ ಹಡಗು. 1942ರ ನವೆಂಬರ್‌ನಲ್ಲಿ ಅದು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಡಿಯೆಗೊ ಗಾರ್ಸಿಯಾದತ್ತ ಹೊರಟಿತು. ಬೆಂಗಾವಲಿಗೆ ಇದ್ದದ್ದು ರಾಯಲ್ ಇಂಡಿಯನ್ ನೇವಿಯ 'ಬೆಂಗಾಲ್' ಒಂದೇ. ಆಸ್ಟ್ರೇಲಿಯಾದಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ ಪುಟ್ಟ ಹಡಗು ಅದು. ಅಂಥ ಹಡಗಿಗೆ ಇರಬೇಕಾದ ನಾಲ್ಕಿಂಚಿನ ಫಿರಂಗಿ ಸಿಗದೆ ಅದಕ್ಕಿಂತ ಚಿಕ್ಕದನ್ನು ಕೂಡಿಸಲಾಗಿತ್ತು. ಒಂಡಿನಾದ ಫಿರಂಗಿಗೆ ಇದ್ದ ಗುಂಡುಗಳು 32.

ನವೆಂಬರ್ 11ರಂದು ಕೊಕೋಸ್ ದ್ವೀಪಗಳ ನೈಋತ್ಯಕ್ಕೆ ಇವೆರಡಕ್ಕೂ ಎದುರಾದದ್ದು ಜಪಾನಿನ 'ಹೊಕೊಕು ಮಾರು' ಮತ್ತು 'ಐಕೊಕು ಮಾರು'. ಅವೂ ಹುಟ್ಟಿನಿಂದ ಯುದ್ಧನೌಕೆಗಳಲ್ಲ. ಜನರನ್ನೂ ಸರಕನ್ನೂ ಸಾಗಿಸಲು ಕಟ್ಟಿದ ಹತ್ತು ಸಾವಿರ ಟನ್ನಿನ ಹಡಗುಗಳಿಗೆ ದೊಡ್ಡ ಫಿರಂಗಿ, ಟಾರ್ಪಿಡೊ, ತೇಲು ವಿಮಾನ ಕೂಡಿಸಿ ಬೇಟೆಗೆ ಬಿಟ್ಟಿದ್ದರು. ಬೆಂಗಾಲ್ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಹಡಗಿನತ್ತ ನೇರವಾಗಿ ನುಗ್ಗಿತು. ಒಂಡಿನಾ ಕೂಡ ಗುಂಡು ಹಾರಿಸಿತು. ಹೊಕೊಕು ಮಾರುವಿನ ಹಿಂಭಾಗದಲ್ಲಿ ಭಾರೀ ಸ್ಫೋಟವಾಗಿ ಅದು ಮುಳುಗಿತು. ಯಾರ ಗುಂಡು ಬಡಿಯಿತು ಎಂಬ ಚರ್ಚೆ ಮುಗಿದಿಲ್ಲವಾದರೂ ಹೆಚ್ಚಿನವರ ಒಲವು ಒಂಡಿನಾದ ಕಡೆಗಿದೆ. ಇಷ್ಟಕ್ಕೆ ಕಥೆ ನಿಲ್ಲಿಸಿದರೆ ಫಿರಂಗಿ ಗೆದ್ದಂತೆಯೇ. ಆದರೆ ಮುಂದೇನಾಯಿತು? ಒಂಡಿನಾದ ಗುಂಡುಗಳು ಮುಗಿದವು. ಕ್ಯಾಪ್ಟನ್ ವಿಲೆಮ್ ಹೋರ್ಸ್‌ಮನ್ ತನ್ನ ಹಡಗಿನ ಮೇಲೆಯೇ ಸತ್ತ. ಜನ ದೋಣಿಗಳಿಗೆ ಇಳಿದ ಮೇಲೆ ಐಕೊಕು ಮಾರು ಟಾರ್ಪಿಡೊ ಬಿಟ್ಟಿತು, ದೋಣಿಗಳ ಮೇಲೂ ಗುಂಡು ಹಾರಿಸಿತು. ಬೆಂಗಾಲ್ ಅಷ್ಟರಲ್ಲಿ ಗುಂಡು ತೀರಿ, ಪೆಟ್ಟು ತಿಂದು ದೂರ ಸರಿದಿತ್ತು. ಟ್ಯಾಂಕರು ಮುಳುಗುವುದು ಖಂಡಿತ ಎಂದುಕೊಂಡು ಜಪಾನಿನವರು ಹೊರಟುಹೋದದ್ದರಿಂದ ಉಳಿದವರು ಬದುಕಿದರು. ಅವರು ಮತ್ತೆ ಹಡಗು ಹತ್ತಿ, ಬೆಂಕಿ ಆರಿಸಿ, ವಾಲಿದ್ದನ್ನು ನೆಟ್ಟಗೆ ಮಾಡಿ, ಒಂದು ವಾರ ನಡೆಸಿಕೊಂಡು ಫ್ರೀಮ್ಯಾಂಟಲ್‌ಗೆ ವಾಪಸಾದರು. ಆ ಸಾಹಸಕ್ಕೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ. ಡಚ್ ಸರ್ಕಾರ ಹೋರ್ಸ್‌ಮನ್‌ಗೆ ಮರಣೋತ್ತರವಾಗಿ ತನ್ನ ಅತ್ಯುನ್ನತ ಶೌರ್ಯ ಪ್ರಶಸ್ತಿ ನೀಡಿತು. ಆದರೂ ಕೇಳಬೇಕು: 32 ಗುಂಡು ಕೊಟ್ಟು ಕಳಿಸಿದವರು ಏನೆಂದುಕೊಂಡಿದ್ದರು? ಇನ್ನೊಂದು ಮಾತು. ಹೊಕೊಕು ಮಾರುವನ್ನು ಸಿಡಿಸಿದ್ದು ಒಂದು ಸಣ್ಣ ಗುಂಡಿನ ಬಲ ಮಾತ್ರವಲ್ಲ, ಅದರ ಮೈಮೇಲೆ ಪೇರಿಸಿದ್ದ ಟಾರ್ಪಿಡೊ ಮತ್ತು ಮದ್ದುಗುಂಡು. ಜನ, ಸರಕು ಸಾಗಿಸಲು ಕಟ್ಟಿದ ತೆಳು ಒಡಲಿನ ಹಡಗಿಗೆ ಆಯುಧ ತುಂಬುವುದು ಎಂಥ ಅಪಾಯ ಎಂಬುದು ಆ ದಿನ ಗೆದ್ದವರಿಗಿಂತ ಸೋತವರಿಂದ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಒಂಡಿನಾ ಕಥೆಯನ್ನು ಪುಸ್ತಕಗಳು ನೆನೆಯುತ್ತವೆ. 'ತ್ಸಿಸಲಾಕ್' ಕಥೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಅದೂ ಡಚ್ಚರದೇ, 1917ರಲ್ಲಿ ಕಟ್ಟಿದ ಹಳೆಯ ಸರಕು ಹಡಗು. ಅದರ ಹಿಂಬದಿಯಲ್ಲೂ ನಾಲ್ಕಿಂಚಿನ ಫಿರಂಗಿ, ಅದನ್ನು ನಡೆಸಲು ಬ್ರಿಟಿಷ್ ನೌಕಾದಳದವರು. 1944ರ ಮಾರ್ಚ್‌ನಲ್ಲಿ ಅದು ಮೆಲ್ಬರ್ನ್‌ನಿಂದ ಗೋಧಿಹಿಟ್ಟು ಹೊತ್ತು ಕೊಲಂಬೊಗೆ ಬರುತ್ತಿತ್ತು. ಬೆಂಗಾವಲು ಇರಲಿಲ್ಲ. ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಡಚ್ಚರು, ಚೀನಿಯರು, ಇಂಗ್ಲಿಷರ ಜೊತೆಗೆ ಊರಿಗೆ ಮರಳುತ್ತಿದ್ದ 22 ಭಾರತೀಯ ನಾವಿಕರಿದ್ದರು. ಆ ಕಾಲದ ಕಾಗದಪತ್ರಗಳಲ್ಲಿ ಅವರೆಲ್ಲ ಬರೀ ಲಾಸ್ಕರ್‌ಗಳು. ಮಾರ್ಚ್ 26ರ ಬೆಳಗ್ಗೆ ಜಪಾನಿನ ಐ-8 ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗಿನ ಫಿರಂಗಿಗೆ ಕಾಣದ ಶತ್ರುವನ್ನು ತಡೆಯಲಾಗಲಿಲ್ಲ. ನೀರಿಗಿಳಿದವರನ್ನು ಜಲಾಂತರ್ಗಾಮಿಯ ಮೇಲಕ್ಕೆ ಹತ್ತಿಸಿಕೊಂಡು, ಒಬ್ಬೊಬ್ಬರನ್ನಾಗಿ ಕೊಂದರು. ಬದುಕಿದವರು ಐವರು. ಅವರಲ್ಲಿ ಒಬ್ಬ ಭಾರತೀಯ. ಒಂಡಿನಾಗೆ ಇದ್ದ ಆಯುಧವೇ ಇದಕ್ಕೂ ಇತ್ತು. ವ್ಯತ್ಯಾಸ ಇದ್ದದ್ದು ಎದುರಾದ ಶತ್ರುವಿನಲ್ಲಿ, ಮತ್ತು ಜೊತೆಗೆ ಒಂದು ಬೆಂಗಾಲ್ ಇಲ್ಲದಿದ್ದದ್ದರಲ್ಲಿ. ಹಿಂದೂ ಮಹಾಸಾಗರದಲ್ಲಿ ಬೆಂಗಾವಲಿಗೆ ಹಡಗುಗಳ ಕೊರತೆ ಇದ್ದದ್ದು ನಿಜ. ಅಟ್ಲಾಂಟಿಕ್‌ಗೆ ಮೊದಲ ಪಾಲು, ಇಲ್ಲಿಗೆ ಮಿಕ್ಕಿದ್ದು ಎಂಬುದೂ ನಿಜ. ಆ ಕೊರತೆಯನ್ನು ಮುಚ್ಚಲು ಇದ್ದದ್ದೇ ಹಿಂಬದಿಯ ಫಿರಂಗಿ.

ಅರೇಹಳ್ಳಿ, ಬಿಕ್ಕೋಡು ಸುತ್ತಿನವರಿಗೆ ಇದನ್ನು ಅರ್ಥಮಾಡಿಸಲು ದೂರ ಹೋಗಬೇಕಿಲ್ಲ. ಕಾಡಾನೆಗಳು ತೋಟಕ್ಕೆ ನುಗ್ಗುವ ಊರು ಇದು. ಹಣ್ಣು ಬಿಡಿಸಲು ಬಂದ ಕೂಲಿಯವನ ಕೈಗೆ ಒಂದು ಕೋವಿ ಕೊಟ್ಟು, ಇನ್ನು ನಿನ್ನ ಪ್ರಾಣ ನೀನು ನೋಡಿಕೋ ಎಂದು ಅರಣ್ಯ ಇಲಾಖೆ ಕೈತೊಳೆದುಕೊಂಡರೆ ನಾವು ಒಪ್ಪುತ್ತೇವೆಯೇ? ಆನೆ ಎಲ್ಲಿದೆ ಎಂದು ಮೊದಲೇ ಎಚ್ಚರಿಸುವುದು, ಹಿಂಡನ್ನು ಹಿಂದಕ್ಕೆ ಕಳಿಸುವುದು, ಸತ್ತರೆ ಪರಿಹಾರ ಕೊಡುವುದು ಸರ್ಕಾರದ ಕೆಲಸ ಎಂದು ಪಟ್ಟು ಹಿಡಿಯುತ್ತೇವೆ. ನಮ್ಮ ಕಾಫಿಯನ್ನು ಸಾಗಿಸುವ ನಾವಿಕರಿಗೂ ಕೇಳಬೇಕಾದದ್ದು ಅದೇ.

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅತ್ಯಂತ ಬಲವಾದದ್ದು ಸೊಮಾಲಿಯಾದ ಕಡಲ್ಗಳ್ಳರ ಅನುಭವ. ಸುಮಾರು 2008ರಿಂದ ನಾಲ್ಕೈದು ವರ್ಷ ಅವರ ಹಾವಳಿ ಮಿತಿಮೀರಿತ್ತು. ಹಡಗುಗಳು ಖಾಸಗಿ ಸಶಸ್ತ್ರ ಕಾವಲುಗಾರರನ್ನು ಇಟ್ಟುಕೊಂಡ ಮೇಲೆ ಅಪಹರಣ ಗಣನೀಯವಾಗಿ ತಗ್ಗಿತು. ಭಾರತ ಸರ್ಕಾರವೂ 2011ರಲ್ಲಿ ತನ್ನ ಹಡಗುಗಳಿಗೆ ಅನುಮತಿ ಕೊಟ್ಟಿತು. ಹಾಗಾದರೆ ಬಂದೂಕು ಕೆಲಸ ಮಾಡಲಿಲ್ಲವೇ? ಮಾಡಿತು, ಆದರೆ ಎಂಥ ಶತ್ರುವಿನ ಎದುರು ಎಂಬುದನ್ನು ನೋಡಬೇಕು. ಸಣ್ಣ ದೋಣಿಯಲ್ಲಿ ಏಣಿ ಇಟ್ಟುಕೊಂಡು ಬರುವ ಕಳ್ಳನಿಗೆ ಹಡಗು ಬೇಕು, ಒತ್ತೆಹಣ ಬೇಕು. ಕಾವಲು ಕಂಡರೆ ಅವನು ಇನ್ನೊಂದು ಹಡಗು ಹುಡುಕುತ್ತಾನೆ. ಹಡಗನ್ನು ಮುಳುಗಿಸಲೆಂದೇ ಬಂದವನು ಹಾಗೆ ಮಾಡುವುದಿಲ್ಲ. 2025ರ ಜುಲೈನಲ್ಲಿ ಹೌತಿಗಳು ಕೆಂಪು ಸಮುದ್ರದಲ್ಲಿ 'ಮ್ಯಾಜಿಕ್ ಸೀಸ್', 'ಎಟರ್ನಿಟಿ ಸಿ' ಎಂಬ ಎರಡು ಸರಕು ಹಡಗುಗಳನ್ನು ಒಂದೇ ವಾರದಲ್ಲಿ ಮುಳುಗಿಸಿದರು. ಎರಡರಲ್ಲೂ ಸಶಸ್ತ್ರ ಕಾವಲುಗಾರರಿದ್ದರು. ಮೊದಲನೆಯದರ ಕಾವಲುಗಾರರು ತಿರುಗಿ ಗುಂಡು ಹಾರಿಸಿದರೂ ಹಡಗು ಉಳಿಯಲಿಲ್ಲ. ಜನರನ್ನು ದಾರಿಯಲ್ಲಿ ಹೋಗುತ್ತಿದ್ದ ಇನ್ನೊಂದು ವ್ಯಾಪಾರಿ ಹಡಗು ಎತ್ತಿಕೊಂಡಿತು. ಎರಡನೆಯದರಲ್ಲಿ ಹಲವರು ಸತ್ತರು. ನೀರಿನಿಂದ ಎತ್ತಿದ ಹತ್ತು ಜನರಲ್ಲಿ ಒಬ್ಬ ಭಾರತೀಯನೂ ಇದ್ದ. ಡ್ರೋನ್ ದೋಣಿ ಮತ್ತು ಕ್ಷಿಪಣಿಯ ಮುಂದೆ ರೈಫಲ್ ಹಿಡಿದು ನಿಂತವನ ಸ್ಥಿತಿ, ಟಾರ್ಪಿಡೊ ಮುಂದೆ ತ್ಸಿಸಲಾಕ್ ಫಿರಂಗಿಯವರ ಸ್ಥಿತಿಗಿಂತ ಉತ್ತಮವಾಗೇನೂ ಇಲ್ಲ.

ಕಳ್ಳರ ವಿರುದ್ಧ ಕೂಡ ಆಯುಧದ ಬೆಲೆಯನ್ನು ಬೇರೆಯವರು ತೆತ್ತದ್ದುಂಟು. 2012ರ ಫೆಬ್ರುವರಿ 15ರಂದು ಕೇರಳದ ಕರಾವಳಿಯಾಚೆ 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ತೈಲ ಹಡಗಿನ ಮೇಲಿದ್ದ ಆ ದೇಶದ ಸೈನಿಕರು, ಮೀನುಗಾರರ ದೋಣಿಯನ್ನು ಕಳ್ಳರದ್ದೆಂದು ತಿಳಿದು ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ವಿಚಾರಣೆ ಯಾರ ಹಕ್ಕು ಎಂಬ ಜಗಳ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತನಕ ಹೋಯಿತು. ಕೊನೆಗೆ 10 ಕೋಟಿ ರೂಪಾಯಿ ಪರಿಹಾರದೊಂದಿಗೆ ಸುಪ್ರೀಂ ಕೋರ್ಟ್ 2021ರಲ್ಲಿ ಪ್ರಕರಣ ಮುಗಿಸಿತು. ಕಾರವಾರದಿಂದ ಮಂಗಳೂರಿನವರೆಗೆ ಸಾವಿರಾರು ಮೀನುಗಾರಿಕಾ ದೋಣಿಗಳು ದಿನವೂ ಇಳಿಯುವ ನಮ್ಮ ಕರಾವಳಿಗೆ ಇದು ಬೇರೆಯವರ ಮನೆಯ ಕಥೆಯಲ್ಲ. ಹಾದುಹೋಗುವ ಪ್ರತಿ ಹಡಗಿನ ಮೇಲೂ ಬಂದೂಕಿನ ಕುದುರೆಯ ಮೇಲೆ ಬೆರಳಿಟ್ಟು ನಿಂತವರಿದ್ದರೆ, ಬಲೆ ಬೀಸಿ ಕೂತ ಮೀನುಗಾರನ ಭಯಕ್ಕೆ ಉತ್ತರ ಕೊಡುವವರು ಯಾರು?

ನೌಕಾಪಡೆ ಎಲ್ಲೆಡೆ ಇರಲಾಗದು ಎಂಬುದು ಮತ್ತೊಂದು ಆಕ್ಷೇಪ. ಖಂಡಿತ ಆಗದು. ಎಲ್ಲೆಡೆ ಇರಬೇಕೆಂದು ಕೇಳುತ್ತಲೂ ಇಲ್ಲ. 1917ರ ಪಾಠವೇ ಅದು: ಹಡಗುಗಳನ್ನು ಗುಂಪುಗೂಡಿಸಿದರೆ ಕಾಯಬೇಕಾದ ಜಾಗ ಕಡಿಮೆಯಾಗುತ್ತದೆ. 2024ರ ಮೊದಲ ತಿಂಗಳುಗಳಲ್ಲಿ ನಮ್ಮ ನೌಕಾಪಡೆ ಏನು ಮಾಡಬಲ್ಲದು ಎಂಬುದೂ ಕಂಡಿತು. ಜನವರಿ 26ರಂದು ಏಡನ್ ಕೊಲ್ಲಿಯಲ್ಲಿ ಕ್ಷಿಪಣಿ ಬಡಿದು ಹೊತ್ತಿ ಉರಿಯುತ್ತಿದ್ದ 'ಮಾರ್ಲಿನ್ ಲುವಾಂಡಾ'ದಲ್ಲಿ 22 ಭಾರತೀಯರಿದ್ದರು. ಐಎನ್‌ಎಸ್ ವಿಶಾಖಪಟ್ಟಣದ ತಂಡ ಅದರೊಳಗೆ ಹೋಗಿ ಬೆಂಕಿ ನಂದಿಸಲು ನೆರವಾಯಿತು. ಅಪಹರಣವಾಗಿದ್ದ 'ರುಯೆನ್' ಹಡಗನ್ನು ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತ್ತಾ ಸುಮಾರು 40 ಗಂಟೆ ಬೆನ್ನತ್ತಿ ಬಿಡಿಸಿಕೊಂಡಿತು. 35 ಕಡಲ್ಗಳ್ಳರು ಶರಣಾದರು, ಒತ್ತೆಯಲ್ಲಿದ್ದ 17 ಜನರೂ ಸುರಕ್ಷಿತವಾಗಿ ಹೊರಬಂದರು. ಸಾಮರ್ಥ್ಯ ಇದೆ. ಇಲ್ಲದ್ದು ಕಾನೂನಿನ ಬಲ. 2022ರ ಕಡಲ್ಗಳ್ಳತನ ವಿರೋಧಿ ಕಾಯ್ದೆ ಹೆಸರೇ ಹೇಳುವಂತೆ ಕಳ್ಳರನ್ನು ಹಿಡಿದು ಶಿಕ್ಷಿಸುವುದಕ್ಕೆ. ಡ್ರೋನ್, ಕ್ಷಿಪಣಿ ಬಿಡುವವನು ಅದರೊಳಗೆ ಬರುವುದಿಲ್ಲ. ಹೀಗಾಗಿ ನೌಕಾಪಡೆಯ ನೆರವು ಆಯಾ ಹೊತ್ತಿನ ತೀರ್ಮಾನವಾಗಿ ಉಳಿದಿದೆ, ನಾವಿಕ ಕೇಳಿ ಪಡೆಯಬಹುದಾದ ಹಕ್ಕಾಗಿಲ್ಲ.

ಪರದೇಶದ ಬಾವುಟ ಹಾರಿಸುವ ಹಡಗಿಗೆ ನಮ್ಮ ತೆರಿಗೆ ಹಣ ಏಕೆ ಎಂದು ಕೇಳುವವರೂ ಇದ್ದಾರೆ. ಕೆಮ್ ಪ್ಲೂಟೊ ಲೆಕ್ಕವನ್ನೇ ಮತ್ತೆ ಹಾಕಿ ನೋಡಿ. ಲೈಬೀರಿಯಾಕ್ಕೆ ಅದನ್ನು ಕಾಯುವ ನೌಕಾಬಲವಿಲ್ಲ. ಜಪಾನ್, ನೆದರ್ಲೆಂಡ್ಸ್ ದೂರದಲ್ಲಿವೆ. ಅದರ ತೈಲ ಬರಬೇಕಿದ್ದದ್ದು ಮಂಗಳೂರಿಗೆ, ಅದರ ಜನ ನಮ್ಮವರು. ಬಾವುಟ ಯಾವುದು ಎಂಬುದು ಹಡಗು ಮಾಲೀಕರು ತೆರಿಗೆ ಮತ್ತು ನಿಯಮಗಳ ಅನುಕೂಲ ನೋಡಿ ಮಾಡಿಕೊಂಡ ಆಯ್ಕೆ. ನಾವಿಕನ ಪ್ರಾಣದ ಹೊಣೆಯನ್ನು ಆ ಆಯ್ಕೆಗೆ ಕಟ್ಟಿಹಾಕಬಾರದು. ಮೇಲಾಗಿ, ಯುದ್ಧದ ನಷ್ಟವನ್ನು ಒಂದು ಕಸುಬಿನವರ ಮೇಲೆ ಮಾತ್ರ ಹೊರಿಸಬಾರದು ಎಂಬ ತತ್ವದ ಫಲವನ್ನು ಕಾಫಿ ನಾಡಿನವರಷ್ಟು ಉಂಡವರು ಕಡಿಮೆ. 1940ರಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ, ಹಡಗಿನಲ್ಲಿ ಜಾಗ ಸಿಗದೆ ಕಾಫಿ ಕೊಳ್ಳುವವರಿಲ್ಲದಾದಾಗ, ಬೆಳೆಗಾರನ ಹಣೆಬರಹ ಎಂದು ಸರ್ಕಾರ ಸುಮ್ಮನಿರಲಿಲ್ಲ. ಸುಗ್ರೀವಾಜ್ಞೆ ಹೊರಡಿಸಿತು, 1942ರಲ್ಲಿ ಅದನ್ನೇ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆ ಮಾಡಿತು. ಎಲ್ಲರ ಕಾಫಿಯನ್ನೂ ಒಂದೇ ಪೂಲಿಗೆ ತಂದು ಮಾರಿ ಹಣ ಹಂಚುವ ವ್ಯವಸ್ಥೆ ಹುಟ್ಟಿದ್ದು ಹಾಗೆ. ಯುದ್ಧದ ಬಿಕ್ಕಟ್ಟಿಗೆಂದು ಬಂದ ಆ ಪೂಲ್ ಪದ್ಧತಿ 1996ರವರೆಗೆ ನಡೆಯಿತು. ಅದರ ದೋಷಗಳು ಏನೇ ಇರಲಿ, ಅಂದಿನ ತೋಟಗಳು ಉಳಿದದ್ದು ಅದರಿಂದ. ಅದೇ ಯುದ್ಧದಲ್ಲಿ ಭಾರತದ ಆರು ಸಾವಿರಕ್ಕೂ ಹೆಚ್ಚು ವ್ಯಾಪಾರಿ ನಾವಿಕರು ಸತ್ತರು. ಬಿಳಿಯ ನಾವಿಕರ ಸಂಬಳದ ಒಂದು ಸಣ್ಣ ಪಾಲು ಅವರಿಗೆ ಸಿಗುತ್ತಿತ್ತು, 1939ರಲ್ಲಿ ಅದಕ್ಕಾಗಿ ಅವರು ಹಲವು ಬಂದರುಗಳಲ್ಲಿ ಮುಷ್ಕರ ಹೂಡಬೇಕಾಯಿತು. ಬೆಳೆಗೆ ಸಿಕ್ಕ ಆಸರೆ ಅದನ್ನು ಸಾಗಿಸುವವರಿಗೆ ಸಿಗಲಿಲ್ಲ. ಅವರು ಸೈನಿಕರಲ್ಲ, ಸಂಬಳಕ್ಕೆ ದುಡಿದವರು ಎನ್ನುವ ವಾದ ಇಲ್ಲಿ ನನ್ನ ಮಾತನ್ನೇ ಗಟ್ಟಿಮಾಡುತ್ತದೆ: ಸೈನಿಕರಲ್ಲವಾದ್ದರಿಂದಲೇ ಅವರ ಕೈಗೆ ಆಯುಧ ಕೊಟ್ಟು ಕಳಿಸುವುದು ಸಲ್ಲ.

ಹಾಗಾಗಿ ಬೇಡಿಕೆ ಸ್ಪಷ್ಟವಾಗಿರಲಿ. ಭಾರತಕ್ಕೆ ಬರುವ, ಭಾರತದಿಂದ ಹೊರಡುವ ಹಾಗೂ ಭಾರತೀಯ ನಾವಿಕರು ಹೆಚ್ಚಿರುವ ಹಡಗುಗಳಿಗೆ ಅಪಾಯದ ಜಲಮಾರ್ಗದಲ್ಲಿ ನೌಕಾಪಡೆಯ ಬೆಂಗಾವಲನ್ನು ಕಾನೂನಿನಲ್ಲಿ ಬರೆಯಬೇಕು. ಅದರ ಖರ್ಚಿನಲ್ಲಿ ಒಂದು ಭಾಗವನ್ನು ವಿಮಾ ಕಂತಿನಲ್ಲಿ ಉಳಿತಾಯ ಕಾಣುವ ಮಾಲೀಕರಿಂದ ವಸೂಲು ಮಾಡಬಹುದು. ಯುದ್ಧದ ವಲಯಕ್ಕೆ ಹೋಗಲೊಲ್ಲೆ ಎನ್ನುವ ಹಕ್ಕು, ಹೋದರೆ ಇಮ್ಮಡಿ ಮೂಲ ವೇತನ, ಸತ್ತರೆ ಇಮ್ಮಡಿ ಪರಿಹಾರ ಇವು ಈಗ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದಕ್ಕೆ ಒಳಪಟ್ಟ ಹಡಗುಗಳಲ್ಲಿ ದುಡಿಯುವವರಿಗೆ ಮಾತ್ರ ಸಿಗುತ್ತಿವೆ. ಒಪ್ಪಂದದ ಹೊರಗಿನ ಹಡಗುಗಳಿಗೆ ನಮ್ಮ ಹುಡುಗರನ್ನು ಕಳಿಸುವ ಏಜೆನ್ಸಿಗಳಿಗೂ ಇದೇ ಷರತ್ತನ್ನು ಪರವಾನಗಿಯಲ್ಲೇ ಹಾಕಬೇಕು. ಕಾಫಿ ಬೆಳೆಗಾರರ ಸಂಘಗಳು, ರಫ್ತುದಾರರು ದೆಹಲಿಗೆ ಕೊಡುವ ಮನವಿಯಲ್ಲಿ ಬಾಡಿಗೆಯ ಸಬ್ಸಿಡಿ ಕೇಳುವ ಸಾಲಿನ ಕೆಳಗೆ ಈ ಎರಡು ಬೇಡಿಕೆಗಳನ್ನೂ ಸೇರಿಸಬೇಕು. ಬಾಡಿಗೆ ಇಳಿಯುವುದೂ ಹಡಗಿನ ದಾರಿ ಸುರಕ್ಷಿತವಾದಾಗಲೇ ಆದ್ದರಿಂದ, ಇದರಲ್ಲಿ ಅವರು ಕಳೆದುಕೊಳ್ಳುವುದು ಏನೂ ಇಲ್ಲ.